ಖಾಜಾಮಿಯಾರ ತಪ್ಪು

ಹೆಸರು, ವಯಸ್ಸು ತುಂಬಿಸಿ, ಎದೆಯ ಎಕ್ಸ್‌ರೇ ಚಿತ್ರ ಸೇರಿಸಿ ಪೂನಮ್ 'ಸೇವ್' ಒತ್ತಿದಳು. ಸಣ್ಣ ವೃತ್ತವೊಂದು ಎರಡು ಸುತ್ತು ತಿರುಗಿತು. ಆಮೇಲೆ ಇಡೀ ತೆರೆ ನೀಲಿಯಾಗಿ, ಕಂಪ್ಯೂಟರ್ ತಾನಾಗಿಯೇ ಆರಿ ಮತ್ತೆ ಹೊತ್ತಿಕೊಂಡಿತು. ಬೆಳಗಿನಿಂದ ಇದು ನಾಲ್ಕನೆಯ ಸಲ. ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದ ಹೆಂಗಸು, ಕಲ್ಲು ಪಾಲಿಶ್ ಮಾಡುವವಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮಿದಳು.

"ಇನ್ನಾ ಎಷ್ಟೊತ್ತವ್ವಾ?"

"ಮಷೀನ್ ಕೈ ಕೊಟ್ಟದ ಯವ್ವಾ. ಇವತ್ತು ಕೈಲೇ ಬರ್ದು ಕೊಡ್ತೀನಿ, ಕುಂದ್ರಿ."

ಇದೇ ನೀಲಿ ತೆರೆಯನ್ನು ಪೂನಮ್ ಹಿಂದಿನ ವರ್ಷ ಕಂಡಿದ್ದಳು. ಆಗ ಈ ಕುರ್ಚಿಯಲ್ಲಿ ಕೂತಿದ್ದವರು ಖಾಜಾಮಿಯಾ. ಈ ನೀಲಿ ತೆರೆಯಿಂದಲೇ ಅವರ ಕೆಲಸ ಹೋಗಿತ್ತು.

ಶಹಾಬಾದಿನ ಆ ಟ್ರಸ್ಟ್ ಆಸ್ಪತ್ರೆಯಲ್ಲಿ ಎಕ್ಸ್‌ರೇ ದಾಖಲೆಗಳನ್ನು ಇಡುವ ತಂತ್ರಾಂಶ ಬಹಳ ಹಳೆಯದು. ಹೊಸ ವಿಂಡೋಸ್‌ನಲ್ಲಿ ಅದು ನಡೆಯುತ್ತಿರಲಿಲ್ಲ. ಖಾಜಾಮಿಯಾ ಅದಕ್ಕೊಂದು ದಾರಿ ಹುಡುಕಿದ್ದರು. ಕಂಪ್ಯೂಟರಿನ ಒಳಗೇ ಇನ್ನೊಂದು ಹಳೆಯ ಕಂಪ್ಯೂಟರ್ ಇರುವಂತೆ ಮಾಡಿ, ಹಳೆಯ ತಂತ್ರಾಂಶವನ್ನು ಅದರಲ್ಲಿ ನಡೆಸಿದ್ದರು. ಒಳಗಿನ ಆ ಕಂಪ್ಯೂಟರಿಗೆ ನಿಜವಾದ ಡಿಸ್ಕ್ ಇರಲಿಲ್ಲ. ಡಿ ಡ್ರೈವಿನಲ್ಲಿದ್ದ ಒಂದು ದೊಡ್ಡ ಫೈಲೇ ಅದರ ಪಾಲಿಗೆ ಡಿಸ್ಕ್. ಹದಿನೈದು ವರ್ಷಗಳ ರೋಗಿಗಳೆಲ್ಲ ಆ ಒಂದು ಫೈಲಿನಲ್ಲಿದ್ದರು. "ಇದಕ್ಕ ಏನಾರ ಆದ್ರ ಅರ್ಧಾ ಶಹಾಬಾದ್ ಗುಮ್ ಆಗ್ತದ ಬೇಟಿ," ಎಂದು ಅವರು ಪೂನಮ್‌ಗೆ ಹೇಳುತ್ತಿದ್ದರು. ಗುಂಡಗುರ್ತಿಯಿಂದ ಡಿಪ್ಲೊಮಾದ ಕಾಗದ ಹಿಡಿದುಕೊಂಡು ಬಂದ ಅವಳಿಗೆ ಕೀಲಿಮಣೆಯ ಧೂಳು ಒರೆಸುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವರು ಅವರೇ.

ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಕಾಟ ಶುರುವಾಯಿತು. ಹಳೆಯ ದಾಖಲೆ ತೆರೆದು ನೋಡಿದರೆ ಏನೂ ಆಗುತ್ತಿರಲಿಲ್ಲ. ಹೊಸದನ್ನು ಬರೆಯಲು ಹೋದರೆ ಒಳಗಿನ ಕಂಪ್ಯೂಟರ್, ಹೊರಗಿನದು ಎರಡೂ ಒಟ್ಟಿಗೇ ನೀಲಿಯಾಗಿ ಬೀಳುತ್ತಿದ್ದವು. ಖಾಜಾಮಿಯಾ ರ್‍ಯಾಮ್ ಬದಲಿಸಿದರು, ಕೇಬಲ್ ಬದಲಿಸಿದರು, ವಿಂಡೋಸನ್ನು ಎರಡು ಸಲ ಹೊಸದಾಗಿ ಹಾಕಿದರು. ಜೂನ್ ಮೊದಲ ವಾರ ಒಂದೇ ದಿನ ಒಂಬತ್ತು ಜನರ ಎಕ್ಸ್‌ರೇ ಅಳಿಸಿಹೋಯಿತು. ಅದರಲ್ಲಿ ಗಣಿ ಕೆಲಸದವನೊಬ್ಬನದೂ ಇತ್ತು. ಪರಿಹಾರದ ಅರ್ಜಿಗೆ ಅದು ಬೇಕಿತ್ತು. ಅವನ ಕಡೆಯವರು ಬಂದು ಗಲಾಟೆ ಮಾಡಿದರು. ಟ್ರಸ್ಟಿನ ಕಾರ್ಯದರ್ಶಿ ಸಾಯಬಣ್ಣ ಎಲ್ಲರೆದುರೇ, "ನಿಮ್ಮ ಕೈಗುಣ ಮುಗೀತು ಮಿಯಾಸಾಬ, ಇನ್ನ ಮನ್ಯಾಗ ಆರಾಮ್ ಇರ್ರಿ," ಎಂದುಬಿಟ್ಟರು. ಹತ್ತೊಂಬತ್ತು ವರ್ಷ ದುಡಿದ ಖಾಜಾಮಿಯಾ ತಮ್ಮ ಸ್ಕ್ರೂಡ್ರೈವರುಗಳನ್ನು ಒಂದು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು. ಕುರ್ಚಿ ಪೂನಮ್‌ಗೆ ಬಂತು.

ಟ್ರಸ್ಟು ಹೊಸ ಕಂಪ್ಯೂಟರ್ ತರಿಸಿತು. ಹಳೆಯದರ ಡಿ ಡಿಸ್ಕನ್ನು ಬಿಚ್ಚಿ ಹಾಗೆಯೇ ಇದರಲ್ಲಿ ಕೂಡಿಸಿದರು. ಎಂಟು ತಿಂಗಳು ಒಂದು ಚೂರೂ ತೊಂದರೆ ಕೊಡಲಿಲ್ಲ. ಹಾಗಾದರೆ ತಪ್ಪು ಖಾಜಾಮಿಯಾರದೇ ಎಂದು ಎಲ್ಲರೂ ನಂಬಿದರು. ಪೂನಮ್ ಕೂಡ ನಂಬಿದಳು. ವಯಸ್ಸಾಯಿತು, ಎಲ್ಲೋ ಏನೋ ತಪ್ಪಿದ್ದಾರೆ ಎಂದು ಮರುಗಿ ಸುಮ್ಮನಾದಳು.

ಈಗ ಮತ್ತೆ ಅದೇ ನೀಲಿ.

ಮಧ್ಯಾಹ್ನ ಹೊರರೋಗಿಗಳು ಖಾಲಿಯಾದ ಮೇಲೆ ಅವಳು ಬಾಗಿಲು ಮುಂದೆ ಮಾಡಿ ಕೂತಳು. ಖಾಜಾಮಿಯಾ ಕಲಿಸಿದ ಕ್ರಮ ಒಂದೇ ಆಗಿತ್ತು: ಒಂದು ಸಲಕ್ಕೆ ಒಂದನ್ನೇ ಬದಲಿಸು, ಬದಲಿಸಿದ್ದನ್ನು ಬರೆದಿಡು. ರ್‍ಯಾಮ್ ಪರೀಕ್ಷಿಸಿದಳು, ಸರಿಯಿತ್ತು. ಡಿಸ್ಕ್ ಪರೀಕ್ಷಿಸಿದಳು, ಸರಿಯಿತ್ತು. ಕೊನೆಗೆ ಆ ದೊಡ್ಡ ಫೈಲಿನ ಒಂದು ನಕಲನ್ನು ಹೊರಗಿನ ಡ್ರೈವಿಗೆ ಇಳಿಸಿಕೊಂಡು ಅಲ್ಲಿಂದ ನಡೆಸಿದಳು. ಹತ್ತು ಸಲ ಬರೆದಳು, ಇಪ್ಪತ್ತು ಸಲ ಬರೆದಳು. ಬೀಳಲಿಲ್ಲ. ಮತ್ತೆ ಡಿ ಡ್ರೈವಿನ ಫೋಲ್ಡರಿನಲ್ಲಿದ್ದ ಮೂಲ ಫೈಲನ್ನೇ ನಡೆಸಿದಳು. ಆರನೆಯ ಸಲಕ್ಕೆ ನೀಲಿ.

ಫೈಲು ಒಂದೇ, ಕಂಪ್ಯೂಟರ್ ಒಂದೇ, ಬೇರೆಯಾದದ್ದು ಜಾಗ ಮಾತ್ರ. ಅವಳು ಕಣ್ಣನ್ನು ತೆರೆಯ ಹತ್ತಿರ ಒಯ್ದು ಆ ಫೋಲ್ಡರನ್ನು ನೋಡಿದಳು. ಅದರ ಚಿಹ್ನೆಯ ಮೂಲೆಯಲ್ಲಿ ಸಾಸಿವೆಯಷ್ಟು ಸಣ್ಣ ಎರಡು ನೀಲಿ ಬಾಣಗಳಿದ್ದವು.

ಒಳಗಿನದನ್ನು ಕುಗ್ಗಿಸಿಟ್ಟಿದೆ ಎಂಬುದರ ಗುರುತು ಅದು.

ಹಿಂದಿನ ವರ್ಷ ಮಾರ್ಚ್‌ನಲ್ಲಿ ಖಾಜಾಮಿಯಾ ಮಗಳ ಲಗ್ನಕ್ಕೆಂದು ನಾಲ್ಕು ದಿನ ರಜೆ ಹಾಕಿ ಚಿಂಚೋಳಿಗೆ ಹೋಗಿದ್ದರು. ಡಿ ಡ್ರೈವ್ ತುಂಬಿದೆ ಎಂದು ಕಂಪ್ಯೂಟರ್ ಮೇಲಿಂದ ಮೇಲೆ ಹೇಳುತ್ತಿತ್ತು. ಲಗ್ನದ ಮನೆಗೆ ಫೋನು ಮಾಡಿ ಕಾಡುವುದೇಕೆ ಎಂದು ಪೂನಮ್ ಆ ಫೋಲ್ಡರಿನ ಮೇಲೆ ಒತ್ತಿ, ಜಾಗ ಉಳಿಸಲು ಒಳಗಿನದನ್ನು ಕುಗ್ಗಿಸಿಡು ಎಂಬ ಪುಟ್ಟ ಚೌಕಕ್ಕೆ ಗುರುತು ಹಾಕಿದ್ದಳು. ಡ್ರೈವಿನಲ್ಲಿ ಜಾಗವಾಯಿತು. ಅವಳಿಗೆ ಹೆಮ್ಮೆಯೂ ಆಯಿತು. ಅವರು ಬರುವಷ್ಟರಲ್ಲಿ ಮರೆತೂಹೋಯಿತು. ಕುಗ್ಗಿಸಿಟ್ಟ ಫೈಲು ಬರೆದಂತೆಲ್ಲ ಚೂರುಚೂರಾಗುತ್ತ ಹೋದದ್ದರಿಂದ ಮೂರು ವಾರದ ಮೇಲೆ ಕಂಪ್ಯೂಟರ್ ಬೀಳತೊಡಗಿತ್ತು. ಹೊಸ ಕಂಪ್ಯೂಟರಿಗೆ ಶಕ್ತಿ ಹೆಚ್ಚು, ಅದು ಎಂಟು ತಿಂಗಳು ತಡೆದುಕೊಂಡಿತ್ತು, ಅಷ್ಟೇ.

ಡಿ ಡ್ರೈವಿನಲ್ಲಿದ್ದ ಬೇಡದ್ದನ್ನೆಲ್ಲ ಅಳಿಸಿ ಜಾಗ ಮಾಡಿ, ಫೋಲ್ಡರಿನ ಆ ಗುರುತನ್ನು ತೆಗೆದು ಫೈಲನ್ನು ಹೊಸದಾಗಿ ಇಟ್ಟಳು. ಸಂಜೆಯವರೆಗೆ ಬರೆದು ಬರೆದು ನೋಡಿದಳು. ಬೀಳಲಿಲ್ಲ.

ಮರುದಿನ ಅವಳು ನಡೆದದ್ದನ್ನೆಲ್ಲ ಎರಡು ಪುಟಗಳಲ್ಲಿ ಬರೆದು, ಕೆಳಗೆ ಸಹಿ ಮಾಡಿ, ಸಾಯಬಣ್ಣನವರ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಈಗ ಚಾಲೂ ಅದನಾ?"

"ಅದರಿ ಸರ್."

"ಮತ್ತ ಮುಗೀತಲ್ಲ. ಯಾಕ ಕೆದರ್ತಿ? ಮಿಯಾಸಾಬ್ರಿಗಿ ಹೆಂಗೂ ವಯಸ್ಸಾಗಿತ್ತು. ಟ್ರಸ್ಟಿನವರಿಗೆ ಇದು ತೋರ್ಸಿದ್ರ ನಿನ್ನ ಕೆಲಸಕ್ಕ ಸಂಚಕಾರ, ನನಗೂ ನಾಲ್ಕು ಮಾತು." ಅವರು ಕಾಗದವನ್ನು ಮಡಚಿ ಮೇಜಿನ ಖಾನೆಗೆ ಹಾಕಿದರು. ಸಿಟ್ಟಿನಿಂದಲ್ಲ. ಮಗಳಿಗೆ ಬುದ್ಧಿ ಹೇಳುವವರ ಹಾಗೆ.

"ತೋರ್ಸ್ರಿ ಸರ್," ಎಂದಳು ಪೂನಮ್. "ನೀವು ತೋರ್ಸಲಿಲ್ಲಂದ್ರ ನಾನೇ ಹೋಗಿ ಹೇಳ್ತೀನಿ." ಅವರು ಫೋನೆತ್ತಿಕೊಂಡು ಬೇರೆ ಯಾರೊಂದಿಗೋ ಮಾತಿಗಿಳಿದರು.

ರವಿವಾರ ಅವಳು ಪ್ಯಾಸೆಂಜರ್ ಗಾಡಿ ಹತ್ತಿ ಖಾಜಾಮಿಯಾರ ಊರಾದ ವಾಡಿಗೆ ಹೋದಳು. ಮನೆಯ ಹತ್ತಿರ ವಿಚಾರಿಸಿದಾಗ ಪಕ್ಕದವರು, ಖಾಜಾಮಿಯಾ ಸ್ಟೇಷನ್ ಹೊರಗಿನ ಮೋಟರ್ ಸೈಕಲ್ ನಿಲ್ಲಿಸುವ ಸ್ಟ್ಯಾಂಡಿನಲ್ಲಿ ಚೀಟಿ ಹರಿಯುತ್ತಾರೆ ಎಂದರು. ಅವಳು ಇಳಿದು ಬರುವಾಗ ಅದರ ಮುಂದಿನಿಂದಲೇ ಬಂದಿದ್ದಳು. ಅವರನ್ನು ಗುರುತಿಸಿರಲಿಲ್ಲ.

ತಗಡಿನ ನೆರಳಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಗಡ್ಡ ಪೂರಾ ಬೆಳ್ಳಗಾಗಿತ್ತು. "ಬಾ ಬೇಟಿ, ಬಾ. ಹ್ಯಾಂಗ ಬಂದಿ?" ಎಂದು ಎದ್ದು, ಸ್ಟೂಲನ್ನು ಅವಳಿಗೆ ಸರಿಸಿ, ತಾವು ಒಂದು ಕಲ್ಲಿನ ಮೇಲೆ ಕೂತರು. ಅವಳು ಕೂಡಲಿಲ್ಲ.

"ಚಾಚಾ, ತಪ್ಪು ನಿಮ್ದಲ್ರಿ. ನಂದು."

"ಏನು ತಪ್ಪು?"

"ಮಷೀನ್ ಬೀಳ್ತಿತ್ತಲ್ರಿ. ನೀವು ಲಗ್ನಕ್ಕ ಹೋದಾಗ ಆ ಫೋಲ್ಡರ್ ನಾ ಕಂಪ್ರೆಸ್ ಮಾಡಿದ್ದೆ. ನಿಮಗ ಹೇಳೇ ಇಲ್ಲ. ಮರ್ತುಬಿಟ್ಟೆ."

ಖಾಜಾಮಿಯಾ ನೆಲ ನೋಡುತ್ತ, "ಎಷ್ಟು ತುಕಡಾ ಆಗಿತ್ತು ಫೈಲು?" ಎಂದರು.

"ಹನ್ನೊಂದು ಲಕ್ಷದ ಮ್ಯಾಲ್ರಿ."

"ಹನ್ನೊಂದು ಲಕ್ಷ!" ಅವರ ಕಣ್ಣುಗಳು ಒಂದು ಗಳಿಗೆ ಹಿಂದಿನಂತೆ ಚುರುಕಾದವು. "ಹಂಗಾದ್ರ ಓದಾಕ ತಕರಾರಿಲ್ಲ. ಬರಿಯಾಕ ಹೋದ್ರ ಜಾಗಾ ಹುಡುಕಾಕ ಆಗದ ಸಾಯ್ತದ. ಬರೋಬ್ಬರಿ ಅದ. ಬರೋಬ್ಬರಿ ಹಿಡ್ದಿ." ಹಾಗೆ ಹೇಳಿದವರ ದನಿ ತಟ್ಟನೆ ಇಳಿಯಿತು. "ರ್‍ಯಾಮ್ ನೋಡಿದೆ, ಕೇಬಲ್ ನೋಡಿದೆ. ಅದೊಂದು ನೋಡ್ಲಿಲ್ಲ ನಾ."

"ನಿಮಗ ಹ್ಯಾಂಗ ಗೊತ್ತಾಗ್ಬೇಕ್ರಿ ಚಾಚಾ? ನಾ ಹೇಳಬೇಕಿತ್ತು."

ಅಷ್ಟರಲ್ಲಿ ಸುಗರಾಬಿ ಗಂಡನಿಗೆ ಬುತ್ತಿ ತಂದರು. ಪೂನಮ್‌ಳನ್ನು ನೋಡಿ ಅವರ ಮುಖ ಅರಳಿತು. "ಅಷ್ಟು ದೊಡ್ಡ ದವಾಖಾನಿಯಿಂದ ಒಬ್ರೂ ಬರ್ಲಿಲ್ಲ ನೋಡವ್ವಾ. ನೀ ಒಬ್ಬಾಕಿ ಬಂದಿ. ಅಲ್ಲಾ ನಿನಗ ಚಲೋ ಇಡ್ಲಿ," ಎಂದು ರೊಟ್ಟಿಯನ್ನು ಮುರಿದು, ಮೇಲೆ ಪಲ್ಯ ಹಾಕಿ ಅವಳ ಕೈಗೆ ಕೊಟ್ಟರು.

ಖಾಜಾಮಿಯಾ ತಾವಾಗಿ ಹೆಂಡತಿಗೆ ನಿಜ ಹೇಳುವುದಿಲ್ಲ ಎಂದು ಪೂನಮ್‌ಗೆ ತಿಳಿಯಿತು. ಅಂಗೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಅವಳು ಮತ್ತೊಮ್ಮೆ ಮೊದಲಿನಿಂದ ಎಲ್ಲವನ್ನೂ ಸುಗರಾಬಿಗೆ ಹೇಳಿದಳು.

ಸುಗರಾಬಿ ಬುತ್ತಿಯ ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು. "ಉಣ್ಣಾಕ ಕುಂತ್ರ ಇವರ ಕೈ ನಡುವೇ ನಿಲ್ತಿತ್ತು," ಎಂದರು ಕೊನೆಗೆ, ಯಾರಿಗೂ ಅಲ್ಲ ಎಂಬಂತೆ. "'ಎಲ್ಲಿ ತಪ್ಪಿದೆ ಸುಗರಾ?' ಅಂತ ಕೇಳ್ತಿದ್ರು. ನಾ ಏನಂತ ಹೇಳ್ಲಿ? ನನಗ ಕಂಪ್ಯೂಟರ್ ಬರ್ತದಾ? ಮನ್ಯಾಗ ಬಲ್ಬ್ ಹೋದ್ರೂ ಮುಟ್ಟವಲ್ರು. ಪಕ್ಕದ ಮನಿಯವರನ್ನ ಕರಿ ಅಂತಾರ." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. ಬೈಯಲಿಲ್ಲ. ಆದರೆ ಮತ್ತೆ ಪೂನಮ್‌ಳ ಕಡೆಗೆ ನೋಡಲೂ ಇಲ್ಲ.

"ಕಾಗದ ಬರ್ದು ಕೊಟ್ಟೀನ್ರಿ ಚಾಚಾ. ನಿಮ್ಮನ್ನ ವಾಪಸ್ ಕರೀಬೇಕಂತ ಕೇಳ್ತೀನಿ."

"ನಿನ್ನ ನೌಕರಿ ಹೋದೀತು."

"ಹೋಗ್ಲಿ ಬಿಡ್ರಿ."

ಖಾಜಾಮಿಯಾ ಇಲ್ಲವೆನ್ನುವಂತೆ ತಲೆಯಾಡಿಸಿದರು. "ನಾ ಬರಂಗಿಲ್ಲ ಬೇಟಿ. ನೀ ಬಂದು ಹೇಳಿದಿ, ಭಾಳ ಚಲೋ ಆತು. ಆ ಕುರ್ಚಿ ಮ್ಯಾಲ ಇನ್ನ ನನಗ ಕುಂದ್ರಾಕ ಆಗಂಗಿಲ್ಲ."

ಮೋಟರ್ ಸೈಕಲ್ ಒಂದು ಬಂದು ನಿಂತಿತು. ಸವಾರ ರೈಲಿನ ಹೊತ್ತಾಗುತ್ತದೆಂದು ಅವಸರ ಮಾಡಿದ. ಖಾಜಾಮಿಯಾ ಎದ್ದು, ಚೀಟಿಯ ಪುಸ್ತಕ ತೆಗೆದು, ಬಗ್ಗಿ ನಂಬರು ನೋಡಿ ಬರೆದುಕೊಂಡರು. ಹರಿಯುವ ಮುಂಚೆ ಇನ್ನೊಮ್ಮೆ ಬಗ್ಗಿ ನೋಡಿದರು.

"ಜಲ್ದಿ ಕೊಡ್ರಿ ಚಾಚಾ," ಎಂದ ಸವಾರ.

"ಒಂದು ಮಿನಿಟ್, ಒಂದು ಮಿನಿಟ್," ಎನ್ನುತ್ತ ಅವರು ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡರು. ಆಮೇಲೆ ಮಂಡಿಯೂರಿ ಕೂತು, ನಂಬರಿನ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು, ಚೀಟಿಯೊಂದಿಗೆ ತಾಳೆ ನೋಡತೊಡಗಿದರು.