ಟೇಪಿನ ಮಿಕ್ಕ ಮಾತು

"ಏಯ್, ಕೆಳಗಿಡೇ ಅದನ್ನ! ನಿನ್ನ ಹೊಲಸು ಕೈಗೆ ಬೆಂಕಿ ಬೀಳ! ನಿಮ್ಮಪ್ಪನ ಮನೆ ಸಾಮಾನೇನೇ ಅದು?"

ಸಂಗ್ರಹಾಲಯದ ಅಧಿಕಾರಿ ಬಾಗಿಲಲ್ಲೇ ನಿಂತು ಕಿರುಚಿದ. ನೆಲ ಒರೆಸುವವಳು ಹೆಡ್‌ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಒಳಗೆ ಅವಳ ಮಗಳು ಮಾತಾಡುತ್ತಿದ್ದಳು. ಮಣ್ಣು ಸೇರಿ ಎಷ್ಟೋ ವರ್ಷವಾದ ಮಗಳು!

ಬೆಳಿಗ್ಗೆಯಿಂದ ಅವಳು ಆ ಹೊಸ ಕೋಣೆಯ ನೆಲದ ಸಿಮೆಂಟ್ ಕಲೆ ಉಜ್ಜುತ್ತಿದ್ದಳು. ಮಧ್ಯಾಹ್ನ ಉದ್ಘಾಟನೆ. ಗಾಜಿನ ಪೆಟ್ಟಿಗೆಯೊಳಗಿನ ಬಟ್ಟೆ ಚೀಲವನ್ನೂ ಹಳೇ ಟೇಪ್ ರೆಕಾರ್ಡರನ್ನೂ ಕಂಡೊಡನೆ ಗುರುತು ಹತ್ತಿತ್ತು. ಚೀಲದಕ್ಕನವು. ಹೆಂಗಸರ ಕಾಯಿಲೆ ಕಸಾಲೆ ವಿಚಾರಿಸುತ್ತ ಇಟ್ಟಿಗೆ ಗೂಡಿಂದ ಗೂಡಿಗೆ ಅಲೆದವಳು, ಆಸ್ಪತ್ರೆಗಳ ಮೇಲೆ ಕೇಸು ಹಾಕಿ ಹಾಕಿ ಚಪ್ಪಲಿ ಸವೆಸಿದವಳು. ಅವಳು ಸತ್ತ ಮೇಲೆ ಕಾಗದ ಪತ್ರ, ಟೇಪುಗಳೆಲ್ಲ ಇಲ್ಲಿಗೆ ಬಂದಿದ್ದವು.

ಪೆಟ್ಟಿಗೆಯ ಪಕ್ಕ ತೂಗುತ್ತಿದ್ದ ಹೆಡ್‌ಫೋನಿನಿಂದ ಮೊದಲು ಕೇಳಿಸಿದ್ದು ಟಪ್, ಟಪ್. ಅಚ್ಚಿಗೆ ಮಣ್ಣು ಬಡಿಯುವ ಸದ್ದು. ಹುಟ್ಟಿದಾಗಿಂದ ಅದನ್ನೇ ಬಡಿದು ಬದುಕಿದವಳಿಗೆ ಯಾರು ಹೇಳಿಕೊಡಬೇಕು? ಆಮೇಲೆ ದನಿ.

"ಬರೀ ಹೊಟ್ಟೆ ನೋವಿತ್ತು ಅಷ್ಟೇ ಅಕ್ಕ. ಧಣಿ ವ್ಯಾನಲ್ಲಿ ಹಾಕ್ಕೊಂಡು ಹೋದ. ಡಾಕ್ಟ್ರು ನನ್ನ ಮುಖಾನೂ ನೋಡ್ಲಿಲ್ಲ. ಒಂದೇ ಮಾತು ಅಂದ್ರು..."

ಅಲ್ಲಿಗೆ ಕೊಳಲು. ಅದರ ಮೇಲೆ ಯಾವಳದೋ ನಯವಾದ ದನಿ: "ಇಂಥ ಅದೆಷ್ಟೋ ಅನಾಮಿಕ ಮಹಿಳೆಯರು..."

"ಸ್ವಾಮಿ, ಇದು ನನ್ನ ಮಗಳು," ಎಂದಳು. "ಮಿಕ್ಕಿದ್ದೆಲ್ಲಿ? ಇನ್ನೂ ಮಾತಾಡಿದ್ಲು. ನಾನು ಪಕ್ಕದಲ್ಲೇ ಇದ್ದೆ."

"ಮಿಕ್ಕಿದ್ದು ಒಳಗಿದೆ. ಮೂವತ್ತು ವರ್ಷ ಹೊರಗೆ ತೆಗೆಯೋ ಹಾಗಿಲ್ಲ. ಮಾತಾಡಿದ ಹೆಣ್ಣಿನ ಮಾನ ಕಾಪಾಡಬೇಕಲ್ಲ, ಅದಕ್ಕೆ."

"ಆ ಹೆಣ್ಣೇ ನನ್ನ ಮಗಳು ಅಂತೀನಲ್ಲ!"

"ಹಾಗಾದ್ರೆ ಅವಳ ಕೈಲಿ ಒಪ್ಪಿಗೆ ಬರೆಸ್ಕೊಂಡು ಬಾ."

"ಗುಂಡೀಲಿ ಮಲಗಿರೋಳ ಕೈಲಿ ಹೆಂಗೆ ಬರೆಸ್ಲಿ?"

"ಸತ್ತಿದ್ರೆ ಸತ್ತಿದ್ದಕ್ಕೆ ಪತ್ರ ತಾ."

ಅವಳಿಗೆ ನಗು ಬಂತು, ಸುಡುವಂಥ ನಗು. "ಅದನ್ನ ಕೊಡಬೇಕಾದೋನು ಹೊಟ್ಟೆ ಕುಯ್ದೋನೇ. ನಮ್ಮಲ್ಲಿ ಸಾಯ್ಲಿಲ್ಲ, ದಾರೀಲಿ ಸತ್ಲು ಅಂದುಬಿಟ್ಟ ಬೋಳಿಮಗ."

"ಬಾಯಿಗೆ ಬೀಗ ಹಾಕ್ಕೊಳ್ಳೇ ದರಿದ್ರದೋಳೇ! ಈ ಕೋಣೆ ಕಟ್ಟಿಸಿಕೊಟ್ಟ ಪುಣ್ಯಾತ್ಮರು ಅವರು. ಇನ್ನೇನು ಬರೋ ಹೊತ್ತಾಯ್ತು."

ಅಂದವನೇ ನಾಲಿಗೆ ಕಚ್ಚಿಕೊಂಡ. ಯಾವ ಡಾಕ್ಟರೆಂದು ಅವಳು ಹೇಳಿರಲೇ ಇಲ್ಲ; ಆ ಹೆಸರಿದ್ದದ್ದು ಟೇಪಿನ ಮಿಕ್ಕ ಭಾಗದಲ್ಲಿ. ಕಳ್ಳ ನನ್ಮಗ, ಟೇಪು ಪೂರ್ತಿ ಕೇಳಿದ್ದಾನೆ ಎಂದುಕೊಂಡಳು. ಇವನ ಕಿವಿಗೆ ಆಗುತ್ತದೆ, ಹೆತ್ತವಳ ಕಿವಿಗೆ ಆಗದು.

"ಉಸಿರೆತ್ತಿದ್ರೆ ನಾಳೆಯಿಂದ ಕೆಲಸ ಇಲ್ಲ, ನೆನಪಿರ್ಲಿ," ಎಂದು ಅವನು ಹೊರಟ.

ಮಗಳ ಮಾತು ಟೇಪಾದ ದಿನ ಚೀಲದಕ್ಕ ಕೆಸರಲ್ಲೇ ಕುಕ್ಕರುಗಾಲಲ್ಲಿ ಕೂತು ರೆಕಾರ್ಡರು ಹಿಡಿದಿದ್ದಳು. ಇಟ್ಟಿಗೆ ಲೆಕ್ಕದ ಕೂಲಿ. ಮಾತಿಗೆಂದು ಕೈ ನಿಲ್ಲಿಸುವಂತಿರಲಿಲ್ಲ. ಹೊಲಿಗೆ ಇನ್ನೂ ಹಸಿ ಇದ್ದ ಮಗಳು ಹೊಟ್ಟೆಗೆ ಸೀರೆ ಬಿಗಿದು ಕಟ್ಟಿಕೊಂಡು ಅಚ್ಚು ಬಡಿಯುತ್ತಲೇ ಹೇಳಿದ್ದಳು. ಕೊನೆಗೆ, "ಅಕ್ಕ, ಅರ್ಧಂಬರ್ಧ ಕೇಳಿಸ್ಬೇಡಿ, ಪೂರ್ತಿ ಕೇಳಿಸಿ," ಎಂದಿದ್ದಳು. ಆ ವಾರವೇ ಹೊಲಿಗೆ ಕೀವಾಗಿ, ಅದೇ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು.

ಮಧ್ಯಾಹ್ನ ಕಾರುಗಳು ಬಂದವು. ಡಾಕ್ಟರಿಗೆ ತಲೆ ನೆರೆತಿತ್ತು, ಮುಖ ಮಾತ್ರ ಅದೇ. ಟೇಪು ಕತ್ತರಿಸಿದವರೇ ರಿಬ್ಬನ್ ಕತ್ತರಿಸಲು ಕತ್ತರಿ ಕೊಟ್ಟರು. ಚಪ್ಪಾಳೆ. ಅವಳು ಬಕೆಟ್ಟಿನ ಜೊತೆ ಮೂಲೆಯಲ್ಲಿದ್ದಳು.

ಬಂದವರು ಒಬ್ಬೊಬ್ಬರಾಗಿ ಕೇಳಿ ಲೊಚಗುಟ್ಟಿದರು. ಡಾಕ್ಟರೂ ಹೆಡ್‌ಫೋನ್ ಹಾಕಿಕೊಂಡರು. ಕೇಳುತ್ತ ಕೇಳುತ್ತ ಕಣ್ಣು ಮುಚ್ಚಿದರು. "ಪಾಪ, ಎಂಥ ಮುಗ್ಧ ಜೀವ," ಎಂದರು.

ಕನ್ನಡಕದ ಹುಡುಗಿಯೊಬ್ಬಳು ಕೇಳಿದಳು: "ಡಾಕ್ಟರು ಏನಂದ್ರಂತೆ ಸರ್? ಅಲ್ಲಿಗೇ ನಿಂತುಹೋಯ್ತಲ್ಲ."

"ಅಷ್ಟೇ ಸಿಕ್ಕಿರೋದು ಮೇಡಂ," ಎಂದ ಅಧಿಕಾರಿ. "ಟೇಪು ಹಾಳಾಗಿತ್ತು."

ನೆಲ ಒರೆಸುವವಳು ಬಕೆಟ್ಟು ಎತ್ತಿಕೊಂಡಳು. ಕೆಲಸ ಹಾಳಾಗಿ ಹೋಗಲಿ! ಮುಂದೆ ಬಂದು ಬಕೆಟ್ಟನ್ನು ಮಗುಚಿದಳು. ಕೊಚ್ಚೆ ನೀರು ಹೊಳೆಯುವ ನೆಲದ ಮೇಲೆ ಹರಿದು ಬೂಟುಗಳತ್ತ ಬಂತು. ಜನ ಹಿಂದೆ ಸರಿದರು. ನೀರಲ್ಲೇ ಕೂತು, ಬೋರಲಾಗಿದ್ದ ಬಕೆಟ್ಟಿನ ಮೇಲೆ ಅಂಗೈ ಬಡಿಯತೊಡಗಿದಳು. ಟಪ್. ಟಪ್.

"ಹಾಳಾಗಿಲ್ಲ ಕಣವ್ವ. ಕೇಳು, ನನ್ನ ಮಗಳ ಮಾತಲ್ಲೇ. ಡಾಕ್ಟ್ರು ಒಂದೇ ಮಾತು ಅಂದ್ರು, 'ತಿಂಗಳು ತಿಂಗಳು ಮೂರು ದಿನ ರಜ ಹಾಕ್ತೀಯಂತೆ, ನಿನ್ನ ಧಣಿ ಹೇಳಿದ. ಗರ್ಭಕೋಶ ತೆಗೆದುಬಿಟ್ರೆ ರಜಾನೂ ಇಲ್ಲ, ರಗಳೇನೂ ಇಲ್ಲ. ದುಡ್ಡು ಅವನೇ ಕಟ್ಟಿದಾನೆ, ಮಲಕ್ಕೋ.' ಹಿಂಗಂದ್ರು ಅಕ್ಕ. ನನಗಿನ್ನೂ ಒಂದು ಮಗೂನೂ ಆಗಿರ್ಲಿಲ್ಲ ಅಕ್ಕ."

ಅವಳು ಬಡಿಯುವುದನ್ನು ನಿಲ್ಲಿಸದೆ ಇನ್ನೊಂದು ಕೈಯೆತ್ತಿ ಬೆರಳು ಮಾಡಿದಳು. "ಅಂದೋನು ಇವನೇ. ಕಿವಿಗೆ ಹಾಕ್ಕೊಂಡು ನಿಂತಿದಾನಲ್ಲ, ಇವನೇ."

"ಹುಚ್ಚಿ ಸರ್, ಹುಚ್ಚಿ!" ಎಂದು ಅಧಿಕಾರಿ ಕೂಗಿದ. ಕಾವಲುಗಾರ ಓಡಿ ಬಂದು ಅವಳ ಎತ್ತಿದ ಕೈ ಹಿಡಿದು ಎಳೆದ. ಡಾಕ್ಟರು ಗಡಿಬಿಡಿಯಲ್ಲಿ ತಿರುಗಿದರೆ ಹೆಡ್‌ಫೋನಿನ ತಂತಿ ಕೊರಳಿಗೆ ಸುತ್ತಿಕೊಂಡಿತು. ಹುಡುಗಿ ಮೊಬೈಲು ಎತ್ತಿ ಹಿಡಿದಿದ್ದಳು.

ಒದ್ದೆ ನೆಲದ ಮೇಲೆ ಜಾರುತ್ತ ಹೋದರೂ ಅವಳು ಬಕೆಟ್ಟು ಬಿಡಲಿಲ್ಲ.

"ಹಿಂದೆ ನಿಂತೋರಿಗೆ ಕೇಳಿಸ್ಲಿಲ್ವೇನ್ರೋ? ಮೊದಲಿಂದ ಹೇಳ್ತೀನಿ," ಎಂದಳು. ಟಪ್. ಟಪ್. "ಬರೀ ಹೊಟ್ಟೆ ನೋವಿತ್ತು ಅಷ್ಟೇ ಅಕ್ಕ..."