ಭಾವ ಹಾಕಿದ ಕಾಯಿಲ್

ಹುಲ್ಲು ಕತ್ತರಿಸುವ ಯಂತ್ರ ಸ್ಟಾರ್ಟ್ ಆಗಲಿಲ್ಲ ಎಂದದ್ದೇ ತಡ, ನಮ್ಮ ಭಾವ ತೋಳೇರಿಸಿ ಇಂಜಿನ್ ಬಿಚ್ಚಿದರು. "ಕಾಯಿಲ್ ಹೋಗಿದೆ, ಕಿಡಿ ಬರ್ತಿಲ್ಲ" ಎಂದು ತೀರ್ಪು ಕೊಟ್ಟು ಹೊಸದನ್ನು ತಂದರು. ಕಾಯಿಲಿಗೂ ತಿರುಗುವ ಚಕ್ರಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕಂತೆ. ತಮ್ಮ ವಿಸಿಟಿಂಗ್ ಕಾರ್ಡನ್ನೇ ಅಲ್ಲಿ ತೂರಿಸಿ, ಸ್ಕ್ರೂ ಬಿಗಿದು, ಕಾರ್ಡನ್ನು ಎಳೆದುಕೊಂಡರು. ಅವರು ನಿವೃತ್ತರಾದ ಮೇಲೆ ಆ ಕಾರ್ಡಿಗೆ ಸಿಕ್ಕ ಮೊದಲ ಕೆಲಸ ಅದು.

ಸ್ಟಾರ್ಟ್ ಮಾಡುವ ಹಗ್ಗ ಎಳೆದೆಳೆದು ಭಾವನ ಭುಜ ಬಿದ್ದುಹೋದರೂ ಇಂಜಿನ್ ಕಮಕ್ ಕಿಮಕ್ ಎನ್ನಲಿಲ್ಲ. ಬಟ್ಟೆ ಒಣಹಾಕುತ್ತಿದ್ದ ಅಕ್ಕ ಬಂದು, ಹಿಡಿಕೆಯ ಮೇಲಿದ್ದ ಸ್ವಿಚ್ಚನ್ನು ಆನ್ ಮಾಡಿ ಒಮ್ಮೆ ಎಳೆದಳು. ಗುರ್ರೆಂದು ಶುರುವಾಯಿತು.

"ಹಳೇ ಕಾಯಿಲ್ ಇದ್ದಿದ್ರೆ, ನೀನು ಸ್ವಿಚ್ ಹಾಕಿದ್ರೂ ಆಗ್ತಿರಲಿಲ್ಲ" ಎಂದರು ಭಾವ.

ಅಕ್ಕ ಹಳೆಯ ಕಾಯಿಲನ್ನು ಅವರ ಕೈಗಿಟ್ಟಳು.

"ಹೌದಾ? ಹಾಕಿ ತೋರಿಸಿ."