ಗೈಬುಸಾಬನ ಗಾಯ ಯಾಕೆ ಮಾಯಲಿಲ್ಲ?

ಹೊರ್ತಿಯ ಪಿಂಜಾರ ಗೈಬುಸಾಬ ಬಿಜಾಪುರಕ್ಕೆ ಹೋಗಿ ಹರ್ನಿಯಾ ಆಪರೇಶನ್ ಮಾಡಿಸಿಕೊಂಡು ಇಪ್ಪತ್ತೆರಡು ದಿನವಾಗಿತ್ತು. ಇಷ್ಟೊತ್ತಿಗೆ ಗಾಯ ಮಾಯಬೇಕಿತ್ತು. ಮಾಯಲಿಲ್ಲ. ದಿನಾ ಕೀವು.

ನಾನು ಇಂದ್ರಾಬಾಯಿ, ಊರ ನರ್ಸು. ಪಟ್ಟಿ ಬದಲಿಸುವುದು ನನ್ನ ಕೆಲಸ. ನನಗೆ ಸಿಟ್ಟು ಬೇಗ, ಮೊದಲೇ ಹೇಳಿಬಿಡುತ್ತೇನೆ. ಆ ದಿನ ಬೆಳಿಗ್ಗೆ ಹೋದರೆ ಗೈಬುಸಾಬ ಒಂದು ಕಡೆ ನಿಲ್ಲಲೊಲ್ಲ. ಹೊರಸಿನ ಮೇಲೆ ಕೂತ, ಎದ್ದ, ಬಾಗಿಲಿಗೆ ಹೋದ, ತಿರುಗಿ ಬಂದು ಕೂತ. ಕೈ ಮಾತ್ರ ಪಟ್ಟಿಯ ಅಂಚು ಕೀಳುತ್ತಲೇ ಇತ್ತು.

“ಆರಾಮೇನಣ್ಣಾ?” ಅಂದೆ.

“ಆರಾಮ ಅದೀನ್ರಿ ಬಾಯಾರ.”

ನಮ್ಮ ಕಡೆ ಇದೊಂದು ಮಾತಿದೆಯಲ್ಲ, ಇದು ಮನೆ ಹಾಳು ಮಾಡುತ್ತದೆ. ಹಾದಿಯಲ್ಲಿ ಸಿಕ್ಕವರೆಲ್ಲ ಆರಾಮೇನ್ರಿ ಅನ್ನುತ್ತಾರೆ, ಮೈ ಸುಡುತ್ತಿದ್ದರೂ ನಾವು ಆರಾಮ್ರಿ ಅನ್ನುತ್ತೇವೆ. ನಾನೂ, ನರ್ಸು ಅನ್ನಿಸಿಕೊಂಡವಳು, ಎಂಟು ಸಲ ಅದನ್ನೇ ಕೇಳಿ, ಪಟ್ಟಿ ಕಟ್ಟಿ ಎದ್ದು ಬಂದಿದ್ದೆ. ನಾಚಿಕೆಯಾಗಬೇಕು ನನಗೆ.

ಪಕ್ಕದ ಮನೆಯ ಮುದುಕಿ ಶೇವಂತೆವ್ವ ನಂಜು, ನಂಜು ಎಂದು ಮೊದಲು ಬದನೆಕಾಯಿ ಬಿಡಿಸಿದ್ದಳು. ಆಮೇಲೆ ತತ್ತಿ. ಈಗ ರೇಶನ್ನಿನ ಕೆಂಪು ಜೋಳದ ಮೇಲೆ ಅನುಮಾನ.

“ಇನ್ನೇನ ಬಿಡಸ್ಲಿ ಬಾಯಾರ?” ಅಂದಳು.

ಗೈಬುಸಾಬನ ಹೆಂಡತಿ ಅಬಿದಾ ಒಳಗಿಂದ ಬಂದಳು. “ಬಿಡಸೂದೇನೈತಿ ಆಯಿ? ಕೊಟ್ಟದ್ದೂ ಉಣ್ಣೂದಿಲ್ಲ. ರೊಟ್ಟಿ ಆಡಿನ ಮುಂದ ಹಾಕ್ತಾರ. ಗುಳಿಗಿ ಹಾಸಿಗಿ ಬುಡಕ ಸಿಕ್ಕಾವು.”

ನಾನು ನೆಲದ ಮೇಲೆ ಕೂತೆ. ಈ ಸಲ ಬೇರೆ ಕೇಳಿದೆ.

“ಅಣ್ಣಾ, ನಿದ್ದಿ ಎಷ್ಟ ಬಂತು?” ಎದ್ದು ಬಾಗಿಲಿಗೆ ಹೋದ.

“ನಿನ್ನಿ ಏನ ಉಂಡೀರಿ?” ತಿರುಗಿ ಬಂದು ಕೂತು ಪಟ್ಟಿಯ ಅಂಚು ಕಿತ್ತ.

ಮೂರನೆಯದನ್ನು ಕೇಳಲು ನನಗೇ ಹೆದರಿಕೆ, ಆದರೂ ಕೇಳಿದೆ. “ಬದುಕೂದು ಬ್ಯಾಡ ಅನಸ್ತೈತೇನ್ರಿ?”

ಅವನ ಕೈ ಪಟ್ಟಿ ಬಿಟ್ಟಿತು. “ದಿನಾ ಅನಸ್ತೈತ್ರಿ. ಹತ್ತಿ ಹಿಂಜೂ ಬಿಲ್ಲ ಎತ್ತಬ್ಯಾಡ ಅಂದ್ರು ಡಾಕ್ಟರು. ಹತ್ತಿ ಹಿಂಜದ ಪಿಂಜಾರ ಯಾರಿಗಿ ಬೇಕ್ರಿ?”

“ಮೂರ ತಿಂಗಳ ಎತ್ತಬ್ಯಾಡ ಅಂದಾರ. ಜಲ್ಮಪೂರ್ತಿ ಅಂದಿಲ್ಲ,” ಅಂದೆ.

“ಗೊತ್ತೈತ್ರಿ. ಮನಸ್ಸಿಗಿ ಹೇಳಿದ್ರ ಕೇಳವಲ್ದು.”

ಅಬಿದಾ ಅಳತೊಡಗಿದಳು. “ನನ್ನ ಮುಂದ ಯಾಕ ಹೇಳಲಿಲ್ರಿ?”

“ನೀ ಆರಾಮೇನು ಅಂತ ಕೇಳ್ದಿ. ಆರಾಮ ಅಂದೆ.”

ಶೇವಂತೆವ್ವನಿಗೆ ಇದು ಸೇರಲಿಲ್ಲ. “ಗಂಡಸಾಗಿ ಇಷ್ಟ ಹೆದರೂದೇನು? ನಾಕ ಮಂದಿ ಧೈರ್ಯ ಹೇಳಿದ್ರ ಆತು. ಕೊಯ್ದದ್ದು ಹೊಟ್ಟಿ, ಮನಸ್ಸಿಗೇನ ಸಂಬಂಧ? ಸುಮ್ಮನ ಹುಚ್ಚ ಅಂತ ಹೆಸರ ಹಚ್ಚಬ್ಯಾಡ್ರಿ.”

“ಹುಚ್ಚಲ್ಲ ಆಯಿ, ಬ್ಯಾನಿ,” ಅಂದೆ ನಾನು. “ ಜ್ವರ ಬಂದ್ರ ಧೈರ್ಯ ಹೇಳಿ ಇಳಸ್ತೀಯೇನು? ಮನಸ್ಸ ಕುಸದ್ರ ಊಟ ಸೇರೂದಿಲ್ಲ, ನಿದ್ದಿ ಬರೂದಿಲ್ಲ, ಗುಳಿಗಿ ಬ್ಯಾಡ ಅನಸ್ತೈತಿ, ಕೈ ಗಾಯಕ್ಕ ಹೋಗ್ತೈತಿ. ಮತ್ತ ಗಾಯ ಹೆಂಗ ಮಾಯಬೇಕು? ನೀ ನೋಡಿದ್ರ ಬದನಿಕಾಯಿಗಿ ಬೈತೀ.”

ಮುದುಕಿ ಹೊರಸಿನ ಅಂಚಿಗೆ ಕೂತು ಅಂದಳು, “ನನ್ನ ತಮ್ಮನ ಕಾಲ ತಗದ ಮ್ಯಾಲ ಅವನೂ ಹಿಂಗ ಚಡಪಡಸ್ತಿದ್ದ. ನಾವು ಧೈರ್ಯ ಹೇಳ್ದೆವು. ಅಂವ ಉಳೀಲಿಲ್ಲ.” ಆಮೇಲೆ ಅಬಿದಾಳ ಭುಜ ಹಿಡಿದು ಎಬ್ಬಿಸಿದಳು. “ಏಳವ್ವಾ. ಇವನ್ನ ದವಾಖಾನಿಗಿ ಒಯ್ಯೂಣು, ಬಸ್ಸ ಬರೂ ಹೊತ್ತಾತು. ನಾನೂ ಬರ್ತೇನಿ.”

ಬಿಜಾಪುರದ ಡಾಕ್ಟರು ಗಾಯ ತೊಳೆದು, ಮನಸ್ಸಿನ ಬೇನೆಗೂ ಗುಳಿಗೆ ಕೊಟ್ಟರು. ಗುಣ ಕಾಣಲು ಎರಡು ಮೂರು ವಾರ ಬೇಕು, ನಡುವೆ ಬಿಡಬೇಡಿ, ಇವರನ್ನು ಒಬ್ಬರನ್ನೇ ಬಿಡಬೇಡಿ ಎಂದರು. ಎರಡು ವಾರ ಏನೂ ಆಗಲಿಲ್ಲ. ಅಬಿದಾ ಶೇವಂತೆವ್ವನನ್ನು ಅವನ ಹತ್ತಿರ ಕೂರಿಸಿ, ದಿನಾ ನನ್ನ ಮನೆಗೆ ಬಂದು ಗುಣ ಎಲ್ಲಿ ಎಂದು ಜಗಳಾಡಿದಳು. ಮೂರನೆಯ ವಾರ ಅವನು ಒಂದೂವರೆ ರೊಟ್ಟಿ ಉಂಡ. ಐದನೆಯ ವಾರ ಗಾಯ ಒಣಗಿತು. ಈಗಲೂ ಕೆಲವು ದಿನ ಅದೇ ಚಡಪಡಿಕೆ. ಆದರೆ “ಇವತ್ತ ಒಳ್ಳೇದಿಲ್ಲ” ಎಂದು ಹೆಂಡತಿಗೆ ಹೇಳುತ್ತಾನೆ, ಅವಳು ಕೆಲಸ ಬಿಟ್ಟು ಹತ್ತಿರ ಕೂರುತ್ತಾಳೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಆಪರೇಶನ್ ಆದವರಿದ್ದಾರೆಯೇ? ಬರೀ ಪಟ್ಟಿ ನೋಡಿ ಏಳಬೇಡಿ. ಕೂತು ಕೇಳಿ. ನಿದ್ದೆ ಕೇಳಿ, ಊಟ ಕೇಳಿ, ಬದುಕು ಬೇಡವೆನಿಸಿದೆಯೇ ಎಂದೂ ಕೇಳಿ. ಹೌದು ಅಂದರೆ ಜೊತೆಗೇ ಇದ್ದು ಅಂದೇ ದವಾಖಾನೆಗೆ ಕರೆದೊಯ್ಯಿರಿ. ಕೇಳಲು ಹೆದರಿಕೆಯಾಗುತ್ತದೆ, ನನಗೂ ಆಗಿತ್ತು. ಆದರೂ ಕೇಳಿ. ಕೇಳಿದ್ದಕ್ಕೆ ಯಾರೂ ಸಾಯುವುದಿಲ್ಲ.